ಗಂಡಿನ ಕೈಲಿ ಹಾಡಿಸಿದ ನಿರ್ಮಾಪಕರಿಗೆ

ಮಾನ್ಯ ನಿರ್ಮಾಪಕರೇ,

ಬೆಂಗಳೂರಿನಲ್ಲಿ ತಾವೂ ತಮ್ಮ ಮನೆಯವರೂ ಕ್ಷೇಮವಾಗಿದ್ದೀರೆಂದು ನಂಬಿ, ಶ್ರೀನಿವಾಸಪುರ ತಾಲ್ಲೂಕು ಯಲ್ದೂರಿನ ಮಾವಿನ ತೋಟಗಾರ ಸುಬ್ಬರಾಯಪ್ಪನಾದ ನಾನು ಮಾಡುವ ಅನೇಕ ನಮಸ್ಕಾರಗಳು. ಕಳೆದ ವರ್ಷ, ಅಂದರೆ ೧೯೭೮ರಲ್ಲಿ, ತಾವು ದಯಮಾಡಿ ತೆಗೆದ ನಗೆಯ ಪ್ರೇಮಚಿತ್ರದ ಮೇಲೆ ಈ ದೂರು.

ಚಿತ್ರದಲ್ಲಿ ಹೆಣ್ಣು ನೋಡಲು ಬಂದವರು ಹಾಡು ಕೇಳಿದಾಗ ನಾಯಕಿ ಮೊದಲು ಗಂಡು ಹಾಡಲಿ ಎನ್ನುತ್ತಾಳೆ, ಅವನು ಅಪಸ್ವರದಲ್ಲಿ ಹಾಡುತ್ತಾನೆ, ಅಲ್ಲಿಂದ ಪ್ರೇಮ. ಕೋಲಾರದ ಜನ ಇದನ್ನು ಕಡಲೆಕಾಯಿ ತಿನ್ನುತ್ತಾ ನೋಡಿ, ಯಾವ ಹಾನಿಯೂ ಇಲ್ಲದೆ ಮನೆ ಸೇರಿದರಂತೆ. ಮುಳಬಾಗಿಲಿನಲ್ಲಿ ಗಂಡಸರು ಆ ಹೊತ್ತಿಗೆ ಬೀಡಿ ಸೇದಲು ಎದ್ದು ಹೋದರಂತೆ. ನಮ್ಮೂರ ಟೆಂಟಿನಲ್ಲಿ ಮಾತ್ರ ಹೆಂಗಸರ ಕಡೆಯಿಂದ "ಇನ್ನೊಂದ್ಸಲ ಹಾಕ್ರೀ!" ಎಂಬ ಕೂಗೆದ್ದು, ಟೆಂಟಿನವನು ಹೆದರಿ ಆ ರೀಲನ್ನು ಮತ್ತೆ ಹಾಕಿದ. ಕೂಗಿದವರಲ್ಲಿ ನನ್ನ ಹೆಂಡತಿ ಮುನಿಗಂಗಮ್ಮನೂ ಮಗಳು ಗಂಗರತ್ನಮ್ಮನೂ ಇದ್ದರು.

ಮಗಳನ್ನು ಅದಕ್ಕೆ ಮೊದಲು ಇಬ್ಬರು ನೋಡಿ, ಹಾಡಿಸಿ, ಕಜ್ಜಾಯ ತಿಂದು ಹೋಗಿ ಸುದ್ದಿಯೇ ಇರಲಿಲ್ಲ. ಎರಡನೆಯವರು ಹೋದ ಮೇಲೆ ಅವಳು ಮನೆಯಲ್ಲಿ ಗುನುಗುವುದನ್ನೂ ಬಿಟ್ಟಿದ್ದಳು. ಮೂರನೆಯವನು ದೇವರಾಯಸಮುದ್ರದ ನರಸಿಂಹಪ್ಪ. ಅವನ ತಂದೆ "ಒಂದು ಹಾಡು ಹೇಳಮ್ಮ" ಎಂದಾಗ ನನ್ನ ಮಗಳು ತಲೆ ತಗ್ಗಿಸಿಕೊಂಡೇ, "ಮೊದ್ಲು ಅವ್ರು ಹೇಳ್ಲಿ" ಎಂದಳು. ಈ ಸಂಬಂಧವೂ ಹೋಯಿತೆಂದು ನಾನು ಕಜ್ಜಾಯದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ.

ನರಸಿಂಹಪ್ಪ ಗಂಟಲು ಸರಿಮಾಡಿಕೊಂಡು, ತನಗೆ ಬರುತ್ತಿದ್ದ ಒಂದೇ ಪದ, ಬಾವಿಯ ಕಪಿಲೆಯಲ್ಲಿ ನೀರೆತ್ತುವಾಗ ಎತ್ತುಗಳಿಗೆ ಹೇಳುವ ತೆಲುಗು ಪದವನ್ನು ಎತ್ತಿಕೊಂಡ. ಕೊಟ್ಟಿಗೆಯಲ್ಲಿ ಮಲಗಿದ್ದ ನಮ್ಮ ಎತ್ತುಗಳು ಕೆಲಸವಿದೆಯೆಂದು ತಿಳಿದು ಎದ್ದು ನಿಂತವು. ಗಂಗರತ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ಇದರಿಂದ ದೂರಿನ ಬಲ ಕುಗ್ಗುವುದಾದರೂ ಬರೆದಿದ್ದೇನೆ.

ಹುಡುಗನ ತಂದೆ ಟವೆಲ್ ಕೊಡವಿ ಎದ್ದು, "ಗಂಡುಮಗನ್ನ ಹಾಡಿಸ್ತಾರೆ ಇಲ್ಲಿ, ನಡೀಲಾ!" ಎಂದರು. ತಮ್ಮ ಚಿತ್ರವನ್ನು ಮುಳಬಾಗಿಲಿನಲ್ಲಿ ನೋಡಿದ್ದ ಅವರ ಹೆಂಡತಿ ಬೈರಮ್ಮ ಕೂತಲ್ಲಿಂದಲೇ, "ನೀವೂ ನಿಮ್ಮಪ್ಪನೂ ನನ್ನ ಎರಡು ಸಲ ಹಾಡ್ಸಿದ್ರಿ. ಆವತ್ತು ನಮ್ಮಪ್ಪ ಎದ್ದೋದ್ನಾ? ಕೂತ್ಕೊಳ್ಳಿ" ಎಂದರು. ಅವರು ಕೂತರು. ಆಮೇಲೆ ಗಂಗರತ್ನಮ್ಮ ಯಾರೂ ಕೇಳದೆಯೇ ಹಾಡಿದಳು. ವೈಶಾಖದಲ್ಲಿ ಮದುವೆಯಾಯಿತು.

ಇಷ್ಟಕ್ಕೇ ಮುಗಿದಿದ್ದರೆ ತಮಗೆ ಒಂದು ಬುಟ್ಟಿ ಹಣ್ಣು ಕಳಿಸಿ ಸುಮ್ಮನಾಗುತ್ತಿದ್ದೆ. ಮಗಳನ್ನು ಕಳಿಸಿಕೊಟ್ಟ ಸಂಜೆ, ಮನೆ ಬಿಕೋ ಎನ್ನುತ್ತಿರುವಾಗ, ಮುನಿಗಂಗಮ್ಮ, "ನೀವೂ ನನ್ನ ಹಾಡ್ಸಿದ್ರಿ ಕಣ್ರೀ. ಈಗ ನೀವೊಂದು ಹೇಳಿ, ನೋಡಾಣ" ಎಂದಳು. ನನಗೆ ಪೂರ್ತಿ ಬರುವುದು ರಾಷ್ಟ್ರಗೀತೆಯೊಂದೇ. ಅಡುಗೆಮನೆಯಲ್ಲಿ ನೆಟ್ಟಗೆ ನಿಂತು ಹಾಡಿದೆ. ಅವಳು ಸೌಟು ಹಿಡಿದು ನಿಂತೇ ಕೇಳಿ, "ಆಗ್ಲಿ, ಯೋಚ್ನೆ ಮಾಡಿ ಹೇಳಿ ಕಳಿಸ್ತೀನಿ" ಎಂದಳು. ಇನ್ನೂ ಹೇಳಿ ಕಳಿಸಿಲ್ಲ.

ಆದಕಾರಣ ತಾವು ಎಲ್ಲ ಪ್ರತಿಗಳನ್ನೂ ಹಿಂದಕ್ಕೆ ತರಿಸಿಕೊಂಡು, ಆ ದೃಶ್ಯದಲ್ಲಿ ನಾಯಕಿಗೆ ಗಂಟಲು ಕಟ್ಟಿಸಬೇಕು. ಆಗದಿದ್ದಲ್ಲಿ ವಯಸ್ಸಾದ ಗಂಡಂದಿರಿಗಾಗಿ ಯಲ್ದೂರಿನಲ್ಲೊಂದು ಸಂಗೀತಶಾಲೆ ತೆರೆಯಬೇಕೆಂದು ಕೋರುವ,

ಶ್ರುತಿ ಸೇರದ ತಮ್ಮ ವಿಶ್ವಾಸಿ,
ಸುಬ್ಬರಾಯಪ್ಪ

ಮರೆತ ಮಾತು: ತಮ್ಮ ಮುಂದಿನ ಚಿತ್ರದಲ್ಲಿ ನಾಯಕ ಹೆಂಡತಿಯ ಸೀರೆ ಒಗೆಯುತ್ತಾನೆಂದು ಸುದ್ದಿ. ಅದಿನ್ನೂ ಬಿಡುಗಡೆಯಾಗಿಲ್ಲ; ದೇವರಾಯಸಮುದ್ರದ ಕೆರೆ ದಂಡೆಯಲ್ಲಿ ಹೆಂಗಸರು ಈಗಾಗಲೇ ಗಂಡಸರಿಗೆಂದು ಒಗೆಯುವ ಕಲ್ಲು ಬಿಟ್ಟುಕೊಟ್ಟಿದ್ದಾರೆ.