ಪ್ರಾಚಾರ್ಯರ ಚಪ್ಪಲಿ ಭಾಷಣ

ರವಿವಾರ ಮುಂಜಾನೆ ಗುರುನಾಥನ ಹೆಬ್ಬೆರಳು ಫೋನಿನಲ್ಲಿ ಒಂದು ಗುಂಡಿ ಒತ್ತಲು ಹೋಗಿ ಇನ್ನೊಂದನ್ನು ಒತ್ತಿತು. ಆಳಂದದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಆತ, ಹೆಂಡತಿ ಸಂಘಮಿತ್ರಾಳನ್ನು ನಗಿಸಲು ಪ್ರಾಚಾರ್ಯೆ ಜಾನಕೀಬಾಯಿಯವರ ದನಿಯನ್ನು ಅಣಕಿಸಿ, ಚಪ್ಪಲಿ ಸಾಲಾಗಿ ಬಿಡುವುದರ ಮೇಲೊಂದು ಭಾಷಣ ರೆಕಾರ್ಡ್ ಮಾಡಿದ್ದ. ಅವಳಿಗೆ ಹೋಗಬೇಕಾದದ್ದು ಸೀದಾ ಕಾಲೇಜಿನ ಪಾಠಗಳ ಜಾಲಕ್ಕೆ ಹೋಯಿತು.

ಆ ಜಾಲ ಅವನದೇ ಕೂಸು. ನಡುವೆ ಯಜಮಾನ ಕಂಪ್ಯೂಟರ್ ಇಲ್ಲ. ಪ್ರಾಚಾರ್ಯರಿಂದ ಹಿಡಿದು ಎಲ್ಲ ಉಪನ್ಯಾಸಕರ ಫೋನುಗಳೇ ಪಾಠಗಳನ್ನು ಹಂಚಿಕೊಂಡು ಕಾಯುತ್ತವೆ. ಪಾಠದ ಹೆಸರಿನಿಂದ ಒಂದು ಸಂಖ್ಯೆ ಹುಟ್ಟುತ್ತದೆ; ಪ್ರತಿ ಫೋನಿಗೂ ಜಾಲದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ಯಾವ ಫೋನಿನ ಸಂಖ್ಯೆ ಹತ್ತಿರವೋ ಅಲ್ಲಿ ಪಾಠದ ವಾಸ. ಯಾವ ಫೋನನ್ನು ಕೇಳಿದರೂ 'ಮುಂದ ಕೇಳ್ರಿ' ಎಂದು ಇನ್ನೂ ಹತ್ತಿರದವರತ್ತ ಕೈ ತೋರುತ್ತದೆ. ಸೊಗಸಾದ ಏರ್ಪಾಡು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಮಾತ್ರ ಏನೂ ಸಿಗದು. ಒಳಹೊಕ್ಕದ್ದನ್ನು ಅಳಿಸಲು ಗುರುನಾಥ ದಾರಿಯನ್ನೇ ಇಟ್ಟಿರಲಿಲ್ಲ.

"ಹೆಸರು ಗೊತ್ತಿಲ್ಲದವ್ರಿಗೆ ಸಿಗಂಗಿಲ್ಲಂತ ನೀವೇ ಹೇಳ್ತೀರಿ. ಸುಮ್ಮ ಕೂಡ್ರಿ," ಎಂದಳು ಸಂಘಮಿತ್ರಾ.

ಅವನು ಆಗಲೇ ಬೈಕ್ ಏರಿದ್ದ. ಭಾಷಣ ನಿಂಬರ್ಗಾದ ಮಲ್ಕಪ್ಪ ಸರ್ ಫೋನಿನಲ್ಲಿ ಕೂತಿತ್ತು.

"ಸರ್, ವೈರಸ್ ಬಂದದ್ರಿ! ಫೋನ್ ಬಂದ್ ಮಾಡ್ರಿ!"

"ಮೊದ್ಲ ನೀರು ಕುಡಿಯಲೇ," ಎನ್ನುತ್ತ ಮಲ್ಕಪ್ಪ ಬಂದ್ ಮಾಡಿದರು. ಆದರೆ ಪಾಳಿ ಮುಗಿಸಿದ ಕಾವಲುಗಾರ ಬೀಗದ ಗೊಂಚಲು ಒಪ್ಪಿಸುವಂತೆ, ಆ ಫೋನು ಆರುವ ಮೊದಲೇ ಎಲ್ಲವನ್ನೂ ಹಿರೋಳ್ಳಿಯ ಪಲ್ಲವಿ ಮೇಡಂ ಫೋನಿಗೆ ದಾಟಿಸಿತ್ತು.

"ಇಷ್ಟಕ್ಕ ಹಿರೋಳ್ಳಿ ತನಕ ಬಂದ್ರೇನ್ರಿ? ಫೋನ್ ಹಚ್ಚಿದ್ರ ನಾನೇ ಬಂದ್ ಮಾಡ್ತಿದ್ದೆ," ಎಂದು ನಗುತ್ತ ಪಲ್ಲವಿ ತನ್ನದನ್ನೂ ಬಂದ್ ಮಾಡಿದಳು.

ಆಗ ಅವನಿಗೆ ಉಪಾಯ ಹೊಳೆಯಿತು. ಎಲ್ಲರ ಫೋನೂ ಆರಿದರೆ ಭಾಷಣ ಕೊನೆಗೆ ತನ್ನಲ್ಲಿಗೇ ಬರಬೇಕು; ಅಲ್ಲೇ ಅದರ ಕತ್ತು ಹಿಸುಕಬಹುದು. ಬೇವಿನ ಮರದಡಿ ಕೂತು ಉಳಿದ ಉಪನ್ಯಾಸಕರಿಗೆಲ್ಲ ಕರೆ ಮಾಡಿದ. ಅವನ ಫೋನಿನ ತೆರೆಯ ಮೇಲೆ, ಜಾಲದ ಒಂದೊಂದು ಫೋನನ್ನು ತೋರುವ ಚುಕ್ಕಿಗಳು ಒಂದೊಂದೇ ಆರಿದವು. ಪಾಠಗಳು ಮಾತ್ರ ಕೈಯಿಂದ ಕೈಗೆ ದಾಟುತ್ತ ಒಂದೂ ಕಳೆಯದೆ ಉಳಿದವು. ಅಂಥ ಭಯದಲ್ಲೂ ಗುರುನಾಥನ ಎದೆ ಉಬ್ಬಿತು. "ಶಾಭಾಸ್!" ಎಂದ.

ಭಾಷಣ ಮಾತ್ರ ಬರಲಿಲ್ಲ. ಅವನದಲ್ಲದ ಇನ್ನೊಂದು ಚುಕ್ಕಿ ಮಿನುಗುತ್ತಲೇ ಇತ್ತು. ಅವನು ಕರೆ ಮಾಡಲು ಹೆದರಿದ್ದ ಒಬ್ಬರೇ ಒಬ್ಬರದು. ಅವರೇ ಕರೆ ಮಾಡಿದರು.

"ಗುರುನಾಥ, ನನ್ನ ಫೋನಿನ ತುಂಬ ಪಾಠ ಬಂದು ಕುಂತಾವ. ಚಪ್ಪಲಿ ಮ್ಯಾಲಿನ ಭಾಷಣನೂ ಕೇಳಿದೆ."

ಗುರುನಾಥ ಮರಕ್ಕೆ ಒರಗಿದ.

"ಎಷ್ಟು ಛಂದ ಮಾತಾಡೇನಿ!" ಎಂದರು ಜಾನಕೀಬಾಯಿ. "ಯಾವಾಗ ಮಾತಾಡಿದ್ನೋ, ನೆನಪೇ ಇಲ್ಲ. ನಾಳೆ ಮುಂಜಾನಿಗಿ ಎಲ್ಲಾರ ಫೋನಿನಾಗೂ ಇದು ಇರಬೇಕು ನೋಡ್ರಿ. ಯಾರೂ ಅಳಸಬಾರದು."