ಮಾವನ ಪಹಣಿಯಲ್ಲಿ ಆಕಾಶ

ನಿಯಮ ಹೇಳುವಾಗ ತಲೆಯಾಡಿಸಿ, ಹೊರಗೆ ಹೋಗಿ ತನಗೆ ತೋಚಿದ್ದನ್ನೇ ಮಾಡುವವನು ಎಲ್ಲೆಡೆಯೂ ಇರುತ್ತಾನೆ. ಮೇಷ್ಟರಾಗಿದ್ದಷ್ಟು ಕಾಲ ಅಂಥವರನ್ನೇ ಕಂಡೆ. ನಿವೃತ್ತಿಯ ನಂತರ ಹಾಸನದ ಡ್ರೋನ್ ತರಬೇತಿ ಕೇಂದ್ರವೊಂದರಲ್ಲಿ ನಿಯಮಗಳ ಪಾಠ ಹೇಳಲು ಸೇರಿದೆ; ಅಲ್ಲಿಗೂ ಅವರೇ ಬಂದರು. ಅವರಲ್ಲಿ ಅಗ್ರಗಣ್ಯ, ಹೊಳೆನರಸೀಪುರದ ಒಬ್ಬ ಮದುವೆ ಫೋಟೋಗ್ರಾಫರ್.

೧. ಬಿಲ್ಲು

“ಇಷ್ಟು ವರ್ಷ ಪರವಾನಗಿ ಇಲ್ಲದೆ ಹಾರಿಸಿದೆಯಾ?”

“ಡ್ರೋನ್ ತಗಂಡಿದ್ ಬಿಲ್ ಮಡಗಿವ್ನಿ ಸಾ. ಜಿಎಸ್‌ಟಿ ಸಮೇತ.”

“ಈಗೇಕೆ ಬಂದೆ?”

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳ ಸರ್ವೆ ಕೆಲಸ ಸಿಕ್ಕಿತ್ತಂತೆ. ಸೋಮವಾರ ಪ್ರಮಾಣಪತ್ರ ತೋರಿಸದಿದ್ದರೆ ಅದು ಬೇರೆಯವನ ಪಾಲು.

“ಮದ್ವೇಲಿ ಯಾರೂ ಲೈಸೆನ್ಸ್ ಕೇಳ್ನಿಲ್ಲ ಸಾ. ಊಟ ಆಯ್ತಾ ಅಂತ ಮಾತ್ರ ಕೇಳೋರು.”

೨. ಪಹಣಿ

ಹಾರಿಸುವ ಮುನ್ನ ಆ ಜಾಗಕ್ಕೆ ಅನುಮತಿ ಬೇಕೇ ಎಂದು ಸರ್ಕಾರದ ನಕ್ಷೆಯಲ್ಲಿ ನೋಡಬೇಕು. ಮೂರು ಬಾರಿ ಹೇಳಿದ್ದೆ. ಆ ಸಂಜೆಯೇ ಈತ ಅರಕಲಗೂಡಿನ ಬಳಿ ಮಾವನ ಶುಂಠಿ ಹೊಲದ ಮೇಲೆ ಅಭ್ಯಾಸ ಮಾಡಿ ಬಂದ.

“ನಕ್ಷೆ ನೋಡಿದೆಯಾ?”

“ಮಾವ ಊಂ ಅಂದವ್ರೆ ಸಾ.”

“ಆಕಾಶವನ್ನು ನಿನ್ನ ಮಾವನಿಗೆ ಬರೆದುಕೊಟ್ಟವರು ಯಾರು?”

“ಪಹಣಿ ಅವ್ರ ಎಸ್ರಲ್ಲೇ ಐತೆ ಸಾ. ಮ್ಯಾಲಿಂದೂ ಅದ್ರಲ್ಲೇ ಬರಾಕಿಲ್ವಾ?”

೩. ನಿಂಬೆಹಣ್ಣು

ಹಾರುವ ಮುನ್ನ ಪರೀಕ್ಷಿಸಬೇಕಾದ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದೆ. ರೆಕ್ಕೆ, ಬ್ಯಾಟರಿ, ಗಾಳಿ, ಎಲ್ಲಕ್ಕೂ “ಸರಿ ಸಾ” ಎಂದ. ಮೇಲೆದ್ದ ಡ್ರೋನ್ ಒಂದು ಕಡೆಗೆ ವಾಲಿತು. ಇಳಿಸಿ ನೋಡಿದರೆ ಹೊಟ್ಟೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದ!

“ಪಟ್ಟಿಯಲ್ಲಿ ಇದಿದೆಯೇ?”

“ಇಲ್ಲ ಸಾ. ಬರೆದೋರು ಮರ್ತಿರ್ಬೇಕು ಅಂತ ನಾನೇ ತಂದೆ.”

೪. ಪರೀಕ್ಷೆ

ಶನಿವಾರ ಪರೀಕ್ಷೆ. ಕಂಬಗಳ ಸುತ್ತ ಹಾರಿಸಿ, ನೆಲದ ಮೇಲೆ ಬರೆದ ವೃತ್ತದೊಳಗೆ ಇಳಿಸಬೇಕು. ಈತನ ಕೈ ಪಳಗಿತ್ತು, ಅಷ್ಟನ್ನು ಒಪ್ಪುತ್ತೇನೆ. ಇಳಿಸುವುದೊಂದೇ ಬಾಕಿ. ಆಗ ಪರೀಕ್ಷಕರು, ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ, ಶಾಮಿಯಾನದಡಿಯಿಂದ ಎದ್ದು ಥೇಟ್ ಹೆಣ್ಣಿನ ತಂದೆಯಂತೆ ಮುಂದೆ ಬಂದರು.

ಡ್ರೋನ್ ವೃತ್ತವನ್ನು ಬಿಟ್ಟು ಅವರ ಕಡೆಗೆ ತಿರುಗಿತು. ಮುಖದ ಮುಂದೆ ಹೋಗಿ ನಿಂತಿತು.

“ಸಾ, ಇಂಗ್ ನೋಡಿ. ವಸಿ ನಗಿ!”

ಜನರ ಸಮೀಪ ಹಾರಿಸಕೂಡದೆಂಬುದು ನಾನು ಕಲಿಸಿದ ಮೊದಲ ಪಾಠ. ಪರೀಕ್ಷಕರು ಕಾಲರ್ ಸರಿಪಡಿಸಿಕೊಂಡು ನಕ್ಕರು. ಅನಂತರ ‘ಅನುತ್ತೀರ್ಣ’ ಎಂದು ಬರೆದು ಸಹಿ ಹಾಕಿದರು.

ಸೋಮವಾರದ ಕೆಲಸ ಕೈತಪ್ಪಿತು. ಈತನ ಮುಖ ಕಪ್ಪಿಟ್ಟಿತು. ಪೆನ್ನಿಗೆ ಮುಚ್ಚಳ ಹಾಕುತ್ತ ಪರೀಕ್ಷಕರು ಮೆಲ್ಲನೆ ಕೇಳಿದರು:

“ಅಂದ ಹಾಗೆ, ಫೋಟೋ ಹೇಗೆ ಬಂದಿದೆ?”

“ಕಣ್ ಮುಚ್ಬುಟ್ಟಿದ್ದೀರ ಸಾ,” ಎಂದ. “ಇನ್ನೊಂದ್ ಕಿತಾ ಆರಿಸ್ಬುಡ್ಲಾ?”