ಯಾವ ಕೈ ಸುಮ್ಮನಿರುತ್ತದೆ?

ಮಾತಾಡಿ ಸಂಬಳ ಪಡೆಯುವವರಿಗೆ ಒಂದು ಕಾಯಿಲೆ ಇರುತ್ತದೆ. ಎದುರಿಗಿದ್ದವರು ತಲೆಯಾಡಿಸಿದರೆ ಸಾಕು, ಎಲ್ಲ ಅರ್ಥವಾಯಿತೆಂದು ತಿಳಿದುಬಿಡುತ್ತೇವೆ. ನನಗಂತೂ ಇದು ವಾಸಿಯಾಗದ ಹಂತ ಮುಟ್ಟಿದೆ. ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ, ಕಿಡ್ನಿ ಸೋಲುತ್ತಿರುವವರನ್ನು ಕೂರಿಸಿಕೊಂಡು ಡಯಾಲಿಸಿಸ್ ಶುರುವಾಗುವ ಮೊದಲೇ ತಿಳಿದಿರಬೇಕಾದದ್ದನ್ನು ಹೇಳುವುದು ನನ್ನ ಕೆಲಸ. ಉಪ್ಪು, ನೀರು, ಎಳನೀರು ಎಲ್ಲ ಮುಗಿಸಿ ಕಡೆಗೆ ಕೈಗೆ ಬರುತ್ತೇನೆ. ಮುಂದೆ ಸೂಜಿ ಚುಚ್ಚಲು ಅನುಕೂಲವಾಗಲೆಂದು ಕೈಯ ಎರಡು ರಕ್ತನಾಳಗಳನ್ನು ಜೋಡಿಸುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದು ಬಲಿಯಲು ವಾರಗಟ್ಟಲೆ ಬೇಕು. "ಭಾಳ ಕೆಲಸ ಮಾಡದ ಕೈ ಚಾಚ್ರಿ" ಎಂದಾಗ ಹೆಚ್ಚುಕಡಿಮೆ ಎಲ್ಲರೂ ಎಡಗೈ ಚಾಚುತ್ತಾರೆ. "ಇನ್ನ ಇದನ್ನ ಕೂಸಿನಂಗ ಕಾಯಬೇಕ್ರಿ" ಎನ್ನುತ್ತೇನೆ. ಈ ಕೂಸಿನ ಮಾತಿನ ಮೇಲೆ ನನಗೆ ವಿಶೇಷ ಪ್ರೀತಿ.

ರಬಕವಿಯ ನೇಕಾರ ಈರಪ್ಪ ಯಾವ ಕೈಯನ್ನೂ ಚಾಚಲಿಲ್ಲ, ತಲೆ ಮಾತ್ರ ಆಡಿಸಿದರು. ನಾಳ ಜೋಡಿಸುವ ಆಪರೇಷನ್ ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ. ಡಾಕ್ಟರು ಅವರ ರಿಪೋರ್ಟ್ ಹಿಡಿದು ನನ್ನನ್ನು ಕರೆದರು. "ಇನ್ನೂ ತಡಾ ಮಾಡಿದ್ರ ಉಸಿರು ಕಟ್ಟಿ ಬರ್ತಾರ. ಆಗ ಕುತ್ತಿಗಿಗೆ ನಳಿಕಿ ಹಾಕಿ ಡಯಾಲಿಸಿಸ್ ಮಾಡಬೇಕು, ಜೀವದ ಮ್ಯಾಲೆ ಬರ್ತೈತಿ. ನೀವು ಏನ್ ಹೇಳಿದ್ರಿ ಅವರಿಗೆ? ಇವತ್ತ ಕರ್ಕೊಂಡ ಬರ್ರಿ." ಸಿಕ್ಕ ಬಸ್ಸು ಹತ್ತಿ ರಬಕವಿಗೆ ಹೋದೆ.

ಈರಪ್ಪ ಬಾತ ಕಾಲುಗಳನ್ನು ಮಗ್ಗದ ಕೆಳಗೆ ತೋಡಿದ ಕುಣಿಯೊಳಗೆ ಇಳಿಬಿಟ್ಟು ಕೂತಿದ್ದರು. ಬಲಗೈ ಹಗ್ಗ ಜಗ್ಗಿದರೆ ಲಾಳಿ ಓಡುತ್ತಿತ್ತು, ಎಡಗೈ ಬಾಚಣಿಗೆಯಂಥ ಫಣಿ ಹಿಡಿದು ಎಳೆಯನ್ನು ಬಡಿದು ಕೂರಿಸುತ್ತಿತ್ತು. ನಾಲ್ಕು ಎಳೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರು.

"ಇದರಾಗ ಸುಮ್ಮನಿರೋ ಕೈ ಯಾವ್ದು, ನೀವ ತೋರಸ್ರಿ" ಎಂದರು.

ನಾನು ಒಂದಾದ ಮೇಲೊಂದು ಎರಡೂ ಕೈ ನೋಡಿದೆ.

ಅವರ ಹೆಂಡತಿ ಶಾಂತವ್ವ ಬಾಗಿಲಲ್ಲಿ ನಿಂತಿದ್ದರು. "ಕೂಸಿನಂಗ ಕಾಯಬೇಕಂದ್ರಂತಲ್ರೀ. ನೇಯೂದು ಬಿಟ್ಟು, ಕೈ ಎತ್ತಿಟ್ಟು ಬದುಕಿ ಏನ್ ಮಾಡ್ಲಿ ಅಂತ ಕುಂತಾರ. ಇವರ ಉಸಿರು ಕೇಳಿದ್ರ ನನಗ ಜೀವಾ ಹಾರ್ತೈತಿ."

"ಆಪರೇಷನ್ ಗಾಯ ಮಾಯ್ದ ಮ್ಯಾಲೆ ಈ ಎಡಗೈ ಫಣಿ ಬಡಿತೈತೋ ಇಲ್ಲೋ? ಅಷ್ಟ ಹೇಳ್ರಿ ಸರ್" ಎಂದರು ಈರಪ್ಪ.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಏನೇನು ಮಾಡಬಾರದೆಂದು ಪಟ್ಟಿ ಒಪ್ಪಿಸಿದ್ದೆನೇ ಹೊರತು, ಏನು ಮಾಡಬಹುದೆಂದು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಯಿತು. ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಮಗ್ಗ ನಿಂತಿತ್ತು. ರಿಂಗ್ ಆಗುತ್ತಲೇ ಇತ್ತು, ಮೂವರೂ ಆ ಫೋನನ್ನೇ ನೋಡುತ್ತಿದ್ದೆವು. ಡಾಕ್ಟರು ಎತ್ತಿದ ಕೂಡಲೇ ಈರಪ್ಪ ಕೇಳಿದ್ದನ್ನೇ ಅವರಿಗೆ ಕೇಳಿದೆ.

"ಬಡಿತೈತಿ" ಎಂದರು ಡಾಕ್ಟರು. "ಗಾಯ ಪೂರಾ ಮಾಯಲಿ, ಆಮ್ಯಾಲೆ ನನಗ ತೋರ್ಸಿ ಹಗೂರಕ ಶುರು ಮಾಡ್ರಿ. ಭಾರ ಎತ್ತಬ್ಯಾಡ್ರಿ. ಆ ಕೈಯಾಗ ಬಿಪಿ ನೋಡಾಕ, ರಕ್ತಾ ತಗಿಯಾಕ ಯಾರಿಗೂ ಬಿಡಬ್ಯಾಡ್ರಿ."

ಈರಪ್ಪ ಕುಣಿಯಿಂದ ಮೆಲ್ಲಗೆ ಎದ್ದರು. "ಇಷ್ಟ ಮಾತು ಅವತ್ತ ಹೇಳಿದ್ರ ಅವತ್ತ ಬರ್ತಿದ್ನಲ್ರೀ." ಶಾಂತವ್ವ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತ ಈರಪ್ಪನವರಿಗೆ ನಾನು ಅಭ್ಯಾಸಬಲದಿಂದ ಉಪ್ಪಿನ ವಿಷಯ ತೆಗೆದೆ. ಅವರು ನನ್ನ ಮೊಣಕಾಲಿನ ಮೇಲೆ ಎಡಗೈ ಇಟ್ಟು, "ಸರ್, ನಾ ಬರಾಕತ್ತೇನಿ. ಇನ್ನ ನೀವು ಸುಮ್ಮ ಕುಂತ್ರೂ ನಡಿತೈತಿ" ಎಂದರು.

ಜಮಖಂಡಿ ಬರುವವರೆಗೂ ನಾನು ಬಾಯಿ ಬಿಡಲಿಲ್ಲ. ನನ್ನಿಂದ ಒಬ್ಬ ರೋಗಿಗೆ ಅಷ್ಟು ಸಮಾಧಾನ ಸಿಕ್ಕಿದ್ದು ಬಹುಶಃ ಅದೇ ಮೊದಲು.